ಮುಚ್ಚಿಡಬೇಡಿ ಮಗುವಿನ ಮುಖವನ್ನು



ಹಿಂದಿನ ಸಂಚಿಕೆಯಲ್ಲಿ ಉಪ್ಪಿನಕಾಯಿಗೆ ಬೂಷ್ಟು ಹಿಡಿಯದಂತೆ ನೋಡಿಕೊಳ್ಳುವುದು ಹೇಗೆ ಅಂತ ಬರೆದಿದ್ದೆ. ಅದಕ್ಕೆ ಬಂದ ಪತ್ರಗಳ ನಡುವೆ ಒಂದು ಪತ್ರ ಬೇರೆಯೇ ಇತ್ತು. ತಮ್ಮ ಹೆಸರು, ಊರು ಹಾಕಬೇಡಿ ಎಂದು ಕೇಳಿಕೊಂಡಿರುವ ಸೋದರಿಯೊಬ್ಬರು ಹೀಗೆ ಬರೆದಿದ್ದಾರೆ: "ನನ್ನ ಮಗನಿಗೆ ಆರು ವರ್ಷ. ಹುಟ್ಟಿದಾಗಿನಿಂದ ಒಂದು ಕಡೆಯ ದವಡೆ ಚಿಕ್ಕದು, ಮುಖ ಸೊಟ್ಟ. ದವಡೆಯನ್ನು ಉದ್ದ ಮಾಡುವ ಆಪರೇಷನ್ ಇದೆಯಂತೆ. ಹೌದೇ? ಮಾಡಿಸಬಹುದೇ? ಮನೆಯಲ್ಲಿ ಯಾರನ್ನೂ ಕೇಳುವ ಹಾಗಿಲ್ಲ."

ಕೊನೆಯ ಆ ಒಂದು ಮಾತು ನನ್ನ ಮನಸ್ಸಿಗೆ ನಾಟಿತು. ನಾನು ಡಾಕ್ಟರಲ್ಲ. ಎಸ್.ಎಸ್.ಎಲ್.ಸಿ. ಮುಗಿಸಿ ಮದುವೆಯಾಗಿ ಬಂದವಳು. ಆದರೆ ಇಂಥದೊಂದು ಚಿಕಿತ್ಸೆಯನ್ನು ನಮ್ಮ ಬೀದಿಯಲ್ಲೇ, ತೀರ ಹತ್ತಿರದಿಂದ ನೋಡಿದ್ದೇನೆ. ಡಾಕ್ಟರು ಹೇಳಿದ್ದನ್ನು ಕೇಳಿ ಬರೆದಿಟ್ಟುಕೊಂಡಿದ್ದೇನೆ. ಈ ಸಲ ಅದನ್ನೇ ನಿಮ್ಮ ಮುಂದಿಡುತ್ತೇನೆ.

ನಮ್ಮ ಸೋಲದೇವನಹಳ್ಳಿ ಹೆಸರಿಗೆ ಮಾತ್ರ ಹಳ್ಳಿ. ಈಗ ಎತ್ತ ನೋಡಿದರೂ ಬಾಡಿಗೆ ಮನೆಗಳು. ತುಮಕೂರು, ಕೊರಟಗೆರೆ, ಮಧುಗಿರಿ ಕಡೆಯಿಂದ ಕೆಲಸಕ್ಕೆ ಬಂದವರು ಬಹಳ. ಅಂಥ ಒಂದು ಸಂಸಾರ ನಮ್ಮ ಎದುರು ಮನೆಗೆ ಬಂತು. ಗಂಡ ಪೀಣ್ಯದಲ್ಲಿ ಕೆಲಸ ಮಾಡುತ್ತಾನೆ, ಹೆಂಡತಿ ಮನೆಯಲ್ಲಿ ಹೊಲಿಗೆ ಹಾಕುತ್ತಾಳೆ. ಏಳು ವರ್ಷದ ಒಬ್ಬಳೇ ಮಗಳು. ಪುಟ್ಟಿ ಅಂತಲೇ ಕರೆಯೋಣ.

ಎರಡು ವರ್ಷದ ಹಿಂದಿನ ವರಮಹಾಲಕ್ಷ್ಮಿ ಹಬ್ಬದಲ್ಲಿ ಅರಿಶಿನ ಕುಂಕುಮಕ್ಕೆ ಕರೆದೆ. ತಾಯಿ ಬಂದಳು, ಸೆರಗಿನ ಮರೆಯಲ್ಲಿ ಮಗಳು. ಕುಂಕುಮ ಇಡಲು ಗಲ್ಲ ಹಿಡಿದರೆ ಹುಡುಗಿ ಬಲಗೆನ್ನೆಯನ್ನೇ ನನ್ನ ಕಡೆ ತಿರುಗಿಸಿಕೊಂಡಳು. ಎಡಗಡೆ ನೋಡಿದೆ. ಕಿವಿ ಪುಟ್ಟದು, ಮುದುರಿಕೊಂಡ ಮೊಗ್ಗಿನ ಹಾಗೆ. ಅದರ ಮುಂದೆ ಚರ್ಮದ ಸಣ್ಣ ಗಂಟು. ಎಡದವಡೆ ಗಿಡ್ಡವಾಗಿ ಗದ್ದ ಆ ಕಡೆಗೇ ವಾಲಿತ್ತು. ನಕ್ಕರೆ ತುಟಿಯೂ ಓರೆ.

ನಮ್ಮ ಅತ್ತೆಯವರು ಸುಮ್ಮನಿರಲಾರದೆ, "ಗ್ರಹಣದ ದಿನ ಏನಾದ್ರೂ ಹೆಚ್ಚಿದ್ಯೇನಮ್ಮಾ?" ಅಂತ ಕೇಳಿಬಿಟ್ಟರು. ಆ ತಾಯಿ ತಲೆ ತಗ್ಗಿಸಿ, "ಹೌದಮ್ಮಾ, ಸೌತೇಕಾಯಿ ಹೆಚ್ಚಿದ್ದೆ" ಎಂದಳು. ತಪ್ಪೊಪ್ಪಿಕೊಳ್ಳುವ ಕಳ್ಳಿಯ ದನಿ! ನಾನೂ ಅಲ್ಲೇ ಇದ್ದೆ. ಹಾಗಲ್ಲ ಅಂತ ಒಂದು ಮಾತು ಆಡಲಿಲ್ಲ. ಹಬ್ಬದ ದಿನ ಅತ್ತೆಯವರ ಎದುರು ಯಾಕೆ ಅಂತ ಬಾಗಿನದ ತಟ್ಟೆ ಸರಿಮಾಡುತ್ತಾ ನಿಂತೆ. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಕಾರ್ತಿಕದಲ್ಲಿ ಪುಟ್ಟಿಯ ಶಾಲೆಗೆ ದಂತ ತಪಾಸಣೆಗೆ ಬಂದ ಡಾಕ್ಟರಮ್ಮ ಅವಳ ಹಲ್ಲುಸಾಲು ಓರೆಯಾಗಿರುವುದನ್ನು ನೋಡಿ, ದೊಡ್ಡ ಆಸ್ಪತ್ರೆಯಲ್ಲಿ ಬಾಯಿ ಮತ್ತು ದವಡೆಯ ಶಸ್ತ್ರಚಿಕಿತ್ಸೆ ವಿಭಾಗಕ್ಕೆ ತೋರಿಸಿ ಅಂತ ಚೀಟಿ ಬರೆದುಕೊಟ್ಟರು. ಅಂದು ಸಂಜೆ ಆ ಹೆಣ್ಣುಮಗಳು ನಮ್ಮ ಹೊಸ್ತಿಲಲ್ಲಿ ನಿಂತು, "ಅಕ್ಕಾ, ಇವರಿಗೆ ರಜ ಸಿಗಲ್ಲ. ನೀವು ಜೊತೇಲಿ ಬರ್ತೀರಾ? ಡಾಕ್ಟ್ರು ಹೇಳಿದ್ದು ನನಗೊಬ್ಬಳಿಗೆ ತಲೆಗೆ ಹತ್ತಲ್ಲ" ಅಂದಳು. ಹಬ್ಬದ ದಿನ ಬಾಯಿ ಮುಚ್ಚಿಕೊಂಡಿದ್ದ ಪಾಪ ತೊಳೆದುಕೊಳ್ಳಲು ದಾರಿ ಸಿಕ್ಕಿತಲ್ಲ ಅಂತ ಒಪ್ಪಿಕೊಂಡೆ. ಬೆಳಗಿನ ರೈಲು ಹಿಡಿದು ಯಶವಂತಪುರಕ್ಕೆ, ಅಲ್ಲಿಂದ ಬಸ್ಸಿನಲ್ಲಿ ಆಸ್ಪತ್ರೆಗೆ.

ಮುಖದ ಮಾತು ಆಮೇಲೆ, ಉಸಿರಿನ ಮಾತು ಮೊದಲು

ಡಾಕ್ಟರು ಮುಖ ನೋಡಿ ಅಯ್ಯೋ ಅನ್ನುತ್ತಾರೆ ಅಂತ ನಾವು ಕಾದಿದ್ದೆವು. ಅವರು ಕೇಳಿದ ಮೊದಲ ಪ್ರಶ್ನೆಯೇ ಬೇರೆ. "ಅಮ್ಮಾ, ಮಗು ರಾತ್ರಿ ಹೇಗೆ ಮಲಗುತ್ತಾಳೆ?"

ಗೊರಕೆ ಹೊಡೀತಾಳೆ ಅಂದಳು ತಾಯಿ. ನಡುವೆ ಒಂದೊಂದು ಸಲ ಸದ್ದು ನಿಂತುಹೋಗುತ್ತದೆ, ಆಮೇಲೆ ಬೆಚ್ಚಿದ ಹಾಗೆ ಎಳೆದುಕೊಳ್ಳುತ್ತಾಳೆ, ಮೈ ಬೆವರುತ್ತದೆ, ಬೆಳಗ್ಗೆ ಎಬ್ಬಿಸಿದರೆ ಏಳುವುದೇ ಇಲ್ಲ, ಶಾಲೆಯಲ್ಲಿ ತೂಕಡಿಸುತ್ತಾಳಂತೆ. ಇದನ್ನೆಲ್ಲ ಅವಳು ಸೋಮಾರಿತನ ಅಂದುಕೊಂಡಿದ್ದಳು! ಕೆಳದವಡೆ ಚಿಕ್ಕದಾದರೆ ನಾಲಿಗೆಗೆ ಜಾಗ ಸಾಲದೆ ಮಲಗಿದಾಗ ಹಿಂದಕ್ಕೆ ಜಾರಿ ಗಂಟಲಿನ ದಾರಿಗೆ ಅಡ್ಡ ಬರುತ್ತದೆಯಂತೆ. ಡಾಕ್ಟರು ನಿದ್ದೆಯ ಪರೀಕ್ಷೆ ಬರೆದುಕೊಟ್ಟರು. ಕಿವಿ ಕೇಳುವ ಪರೀಕ್ಷೆ, ಬೆನ್ನುಮೂಳೆಯ ಎಕ್ಸ್‌ರೇ, ಮೂತ್ರಪಿಂಡದ ಸ್ಕ್ಯಾನ್ ಕೂಡ ಬರೆದರು. ಈ ತೊಂದರೆ ಇರುವ ಕೆಲವು ಮಕ್ಕಳಿಗೆ ಅಲ್ಲೂ ಕೊರತೆ ಇರಬಹುದಂತೆ.

ಕಾಯಿಲೆಯ ಹೆಸರು ಹೆಮಿಫೇಶಿಯಲ್ ಮೈಕ್ರೋಸೋಮಿಯಾ. ಅಂದರೆ ಅರ್ಧ ಮುಖ ಚಿಕ್ಕದಾಗಿ ಬೆಳೆಯುವುದು. ಹುಟ್ಟಿನಿಂದ ಮುಖಕ್ಕೆ ಬರುವ ದೋಷಗಳಲ್ಲಿ ಸೀಳುತುಟಿ, ಸೀಳು ಅಂಗುಳದ ನಂತರ ಇದರದೇ ಸ್ಥಾನ. ಸುಮಾರು 3,500ರಿಂದ 5,600 ಮಕ್ಕಳಲ್ಲಿ ಒಂದು ಮಗುವಿಗೆ ಬರುತ್ತದೆ ಎಂಬ ಲೆಕ್ಕವಿದೆ. ಕಿವಿ, ದವಡೆ, ಕೆನ್ನೆಯ ಮಾಂಸಖಂಡ ಇವೆಲ್ಲ ಗರ್ಭದ ಮೊದಲ ಎರಡು ತಿಂಗಳಲ್ಲಿ ಅಕ್ಕಪಕ್ಕದ ಮೊಳಕೆಗಳಿಂದ ಮೂಡುತ್ತವೆ. ಆ ಹೊತ್ತಿನಲ್ಲಿ ಒಂದು ಕಡೆ ಏನೋ ಅಡಚಣೆಯಾದರೆ ಇವೆಲ್ಲ ಒಟ್ಟಿಗೇ ಹಿಂದೆ ಬೀಳುತ್ತವೆ. ಹೆಚ್ಚಿನ ಮಕ್ಕಳ ಮನೆತನದಲ್ಲಿ ಬೇರೆ ಯಾರಿಗೂ ಇದು ಇರುವುದಿಲ್ಲ.

ಆಗ ಆ ತಾಯಿ ಮೆಲ್ಲಗೆ ಸೌತೇಕಾಯಿಯ ಮಾತು ತೆಗೆದಳು. ಡಾಕ್ಟರು ನಗಲಿಲ್ಲ. "ಅಮ್ಮಾ, ನೀವು ಸೌತೇಕಾಯಿ ಹೆಚ್ಚಿದಾಗ ನಿಮಗೆ ಎಷ್ಟು ತಿಂಗಳು?" ಅಂದರು. "ಏಳು." "ಹಾಗಾದರೆ ಮಗುವಿನ ಮುಖ ಅದಕ್ಕೂ ಐದು ತಿಂಗಳ ಮೊದಲೇ ಮೂಡಿ ಆಗಿತ್ತು. ಗ್ರಹಣ ದೇಶಕ್ಕೆಲ್ಲ ಬರುತ್ತೆ. ಅವತ್ತು ಅಡಿಗೆ ಮಾಡಿದ ಬಸುರಿಯರು ಎಷ್ಟು ಜನ ಇಲ್ಲ! ನೀವು ಏನೂ ತಪ್ಪು ಮಾಡಿಲ್ಲ."

ಏಳು ವರ್ಷ ಹೊತ್ತ ಹೊರೆ! ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಅವಳು ಅತ್ತದ್ದು ನೋಡಿ ನನ್ನ ಕಣ್ಣೂ ತುಂಬಿತು. ಸೋದರಿಯರೇ, ಮನೆಯಲ್ಲಿ ಇಂಥ ಮಗು ಹುಟ್ಟಿದರೆ ತಾಯಿಯ ಮೇಲೆ ತಪ್ಪು ಹೊರಿಸುವ ಮಾತು ಬಂದಾಗ, ನಾನು ಮಾಡಿದ ಹಾಗೆ ತಟ್ಟೆ ಸರಿಮಾಡುತ್ತಾ ನಿಲ್ಲಬೇಡಿ.

ಮೂಳೆಯನ್ನು ಉದ್ದ ಮಾಡುವುದು ಹೇಗೆ?

ಮೂಳೆ ಏನು ರಬ್ಬರೇ ಎಳೆದು ಉದ್ದ ಮಾಡುವುದಕ್ಕೆ, ಅಂತ ನನಗೂ ಅನ್ನಿಸಿತ್ತು. ಕ್ರಮ ಹೀಗಿದೆ. ಅರಿವಳಿಕೆ ಕೊಟ್ಟು, ಗಿಡ್ಡವಾದ ಕಡೆಯ ದವಡೆಯ ಮೂಳೆಯನ್ನು ಒಂದು ಕಡೆ ಕತ್ತರಿಸುತ್ತಾರೆ. ಕತ್ತರಿಸಿದ ಎರಡು ತುಂಡುಗಳಿಗೂ ಸೇರಿಸಿ ಪುಟ್ಟ ಲೋಹದ ಉಪಕರಣವೊಂದನ್ನು ತಿರುಪುಗಳಿಂದ ಕೂರಿಸುತ್ತಾರೆ. ಅದರ ಕಡ್ಡಿಯ ತುದಿ ಮಾತ್ರ ಹೊರಗೆ ಕಾಣುತ್ತದೆ. ಐದರಿಂದ ಏಳು ದಿನ ಸುಮ್ಮನೆ ಬಿಡುತ್ತಾರೆ. ಮೂಳೆ ಮುರಿದಾಗ ಕೂಡಿಕೊಳ್ಳಲು ದೇಹ ಹೇಗೆ ಹೊಸ ಅಂಗಾಂಶ ಕಟ್ಟಲು ತೊಡಗುತ್ತದೆಯೋ ಹಾಗೆ ಇಲ್ಲೂ ತೊಡಗುತ್ತದೆ. ಅಷ್ಟರಲ್ಲಿ ಕೀಲಿ ತಿರುಗಿಸಿ ಆ ಎರಡು ತುಂಡುಗಳನ್ನು ದಿನಕ್ಕೆ ಸುಮಾರು 1 ಮಿಲಿಮೀಟರಿನಷ್ಟು, ಸಾಮಾನ್ಯವಾಗಿ ಬೆಳಗ್ಗೆ ಅರ್ಧ, ಸಂಜೆ ಅರ್ಧ, ದೂರ ಸರಿಸುತ್ತಾರೆ. ನಡುವಿನ ಸಂದಿಯಲ್ಲಿ ಹೊಸ ಮೂಳೆ ತುಂಬಿಕೊಳ್ಳುತ್ತಾ ಹೋಗುತ್ತದೆ. ಜೊತೆಗೆ ಚರ್ಮ, ಮಾಂಸ, ನರ ಕೂಡ ನಿಧಾನವಾಗಿ ಹಿಗ್ಗುತ್ತವೆ.

ಒಂದೇ ಮಿಲಿಮೀಟರು ಯಾಕೆ? ಪಾಕ ಕಾಯಿಸಿದ ನಿಮಗೆ ಇದನ್ನು ಹೇಳಿಕೊಡಬೇಕಿಲ್ಲ. ಅವಸರ ಮಾಡಿದರೆ ಎಳೆ ಬರುವುದಿಲ್ಲ, ತಡ ಮಾಡಿದರೆ ಗಟ್ಟಿಯಾಗಿ ಕೂತುಬಿಡುತ್ತದೆ. ಇದೂ ಹಾಗೆಯೇ. ಬೇಗ ಎಳೆದರೆ ಸಂದಿಯಲ್ಲಿ ಮೂಳೆಯ ಬದಲು ಬರೀ ನಾರು ತುಂಬುತ್ತದೆ. ತೀರ ನಿಧಾನವಾದರೆ ಬೇಕಾದಷ್ಟು ಉದ್ದವಾಗುವ ಮೊದಲೇ ಮೂಳೆ ಕೂಡಿಕೊಳ್ಳುತ್ತದೆ.

ಈ ವಿದ್ಯೆ ಮೊದಲು ಕಾಲಿನ ಮೂಳೆಗೆ ಬಂದದ್ದು. 1905ರಲ್ಲಿ ಇಟಲಿಯ ಕೊಡಿವಿಲ್ಲಾ ಎಂಬ ವೈದ್ಯರು ತೊಡೆಮೂಳೆ ಉದ್ದ ಮಾಡಿದ್ದನ್ನು ಪ್ರಕಟಿಸಿದ್ದರು. ಆದರೆ ಇದಕ್ಕೆ ಸರಿಯಾದ ಹದ ಕಂಡುಹಿಡಿದವರು ಸೈಬೀರಿಯದ ಕುರ್ಗಾನ್ ಎಂಬ ಊರಿನಲ್ಲಿದ್ದ ಇಲಿಜರೋವ್. ಎರಡನೆಯ ಮಹಾಯುದ್ಧದ ನಂತರ ಮೂಳೆ ಮುರಿದವರ ಕಾಲಿಗೆ ಬಳೆಯಂಥ ಉಂಗುರಗಳನ್ನೂ ತಂತಿಗಳನ್ನೂ ಕಟ್ಟಿ ಕೂಡಿಸುತ್ತಿದ್ದರು. ರೋಗಿಯೊಬ್ಬ ತಿರುಪನ್ನು ತಪ್ಪು ದಿಕ್ಕಿಗೆ ತಿರುಗಿಸಿ ಮೂಳೆಗಳನ್ನು ಹತ್ತಿರ ತರುವ ಬದಲು ದೂರ ಸರಿಸಿಬಿಟ್ಟ, ನೋಡಿದರೆ ಸಂದಿಯಲ್ಲಿ ಹೊಸ ಮೂಳೆ ಬೆಳೆದಿತ್ತು ಎಂಬ ಕಥೆ ಹೇಳುತ್ತಾರೆ. ದವಡೆಗೆ ಇದನ್ನು ತಂದದ್ದು ಬಹಳ ತಡವಾಗಿ. 1973ರಲ್ಲಿ ನಾಯಿಯ ದವಡೆಯ ಮೇಲೆ ಪ್ರಯೋಗವಾಯಿತು. ನ್ಯೂಯಾರ್ಕಿನ ಮೆಕಾರ್ಥಿ ಎಂಬ ಶಸ್ತ್ರವೈದ್ಯರು ಮತ್ತು ಅವರ ಸಂಗಡಿಗರು 4 ಮಕ್ಕಳ ದವಡೆಯನ್ನು 18ರಿಂದ 24 ಮಿಲಿಮೀಟರಿನಷ್ಟು ಉದ್ದ ಮಾಡಿದ್ದನ್ನು 1992ರಲ್ಲಿ ಪ್ರಕಟಿಸಿದರು. ಈಗ ನಮ್ಮ ಕರ್ನಾಟಕದಲ್ಲೂ ಮಾಡುತ್ತಾರೆ.

ಎಲ್ಲ ಮಕ್ಕಳಿಗೂ ಬೇಕೇ?

ಪತ್ರ ಬರೆದ ಸೋದರಿ ಮುಖ್ಯವಾಗಿ ಕೇಳಿರುವುದು ಇದನ್ನೇ. ಆಸ್ಪತ್ರೆಯ ಅದೇ ಬೆಂಚಿನಲ್ಲಿ ನಮ್ಮ ಪಕ್ಕ ಒಬ್ಬ ತಂದೆ ಮಗನನ್ನು ಕರೆದುಕೊಂಡು ಕೂತಿದ್ದರು. ಆ ಹುಡುಗನಿಗೂ ಇದೇ ಕಾಯಿಲೆ, ಆದರೆ ಅಷ್ಟೊಂದಿಲ್ಲ. ಚೆನ್ನಾಗಿ ತಿನ್ನುತ್ತಾನೆ, ಚೆನ್ನಾಗಿ ನಿದ್ದೆ ಮಾಡುತ್ತಾನೆ. ಅವರಿಗೆ ಡಾಕ್ಟರು, "ಈಗ ಬೇಡ. ಹಲ್ಲಿನ ಕ್ಲಿಪ್ಪು ಹಾಕುವ ಡಾಕ್ಟರು ನೋಡಿಕೊಳ್ಳುತ್ತಾ ಇರಲಿ, ಬೆಳವಣಿಗೆ ಮುಗಿದ ಮೇಲೆ ಯೋಚಿಸೋಣ" ಎಂದು ಕಳಿಸಿದರು.

ಕಾರಣ ಹೀಗೆ. ಚಿಕ್ಕವಯಸ್ಸಿನಲ್ಲಿ ದವಡೆಯನ್ನು ಉದ್ದ ಮಾಡಿದರೂ ಒಳ್ಳೆಯ ಕಡೆ ಬೇಗ ಬೆಳೆಯುತ್ತದೆ, ಕೊರತೆಯ ಕಡೆ ನಿಧಾನವಾಗಿ ಬೆಳೆಯುತ್ತದೆ. ವರ್ಷಗಳು ಕಳೆದ ಹಾಗೆ ಮುಖ ಮತ್ತೆ ಸ್ವಲ್ಪ ವಾಲುವುದುಂಟು. ದೊಡ್ಡವರಾದ ಮೇಲೆ ಇನ್ನೊಂದು ಆಪರೇಷನ್ ಬೇಕಾಗಬಹುದು. ಅದಕ್ಕೇ ಬರೀ ಅಂದಕ್ಕಾಗಿ ಎಳೆಯ ಮಕ್ಕಳಿಗೆ ಮಾಡಬೇಕೇ ಎಂಬುದರಲ್ಲಿ ವೈದ್ಯರಲ್ಲೇ ಭಿನ್ನಾಭಿಪ್ರಾಯವಿದೆ. ಉಸಿರಿಗೆ ತೊಂದರೆ ಇದ್ದರೆ, ತಿನ್ನಲಾಗದಿದ್ದರೆ, ಓರೆ ತೀರ ಹೆಚ್ಚಾಗಿ ಮೇಲ್ದವಡೆಯನ್ನೂ ಎಳೆಯುತ್ತಿದ್ದರೆ, ಮಗು ಮನಸ್ಸಿನಲ್ಲಿ ಕುಗ್ಗಿಹೋಗುತ್ತಿದ್ದರೆ ಬೇಗ ಮಾಡುತ್ತಾರೆ. ಹುಟ್ಟುವಾಗಲೇ ಗದ್ದ ತೀರ ಒಳಗೆ ಹೋಗಿ ಉಸಿರು ಕಟ್ಟುವ ಹಸುಗೂಸುಗಳಿಗಂತೂ ಮೊದಲ ವಾರಗಳಲ್ಲೇ ಮಾಡಿ ಜೀವ ಉಳಿಸುತ್ತಾರೆ. ದವಡೆಯ ಕೀಲೇ ಇಲ್ಲದ ಮಕ್ಕಳಿಗೆ ಪಕ್ಕೆಲುಬಿನ ತುಂಡು ಜೋಡಿಸುವ ಕ್ರಮವೂ ಇದೆ.

ತೊಂದರೆಗಳನ್ನೂ ಹೇಳಬೇಕು. ಸೋಂಕು ಆಗಬಹುದು. ಕೆಳತುಟಿ ಜೋಮು ಹಿಡಿದ ಹಾಗಾಗಬಹುದು. ಕೆಲವರಲ್ಲಿ ಅದು ಹೋಗಲು ಬಹಳ ದಿನ ಹಿಡಿಯುತ್ತದೆ, ಕೆಲವೊಮ್ಮೆ ಉಳಿದೂಬಿಡಬಹುದು. ಒಳಗೆ ಬೆಳೆಯುತ್ತಿರುವ ಹಲ್ಲಿಗೆ ಪೆಟ್ಟಾಗಬಹುದು. ಹೊರಗೆ ಕಡ್ಡಿ ಬರುವಲ್ಲಿ ಕಲೆ ಉಳಿಯಬಹುದು. ಉಪಕರಣ ತೆಗೆಯಲು ಎರಡನೆಯ ಸಲ ಅರಿವಳಿಕೆ ಬೇಕು. ಇದನ್ನೆಲ್ಲ ಕೇಳಿ ತಿಳಿದುಕೊಂಡೇ ಸಹಿ ಹಾಕಬೇಕು.

ಕ್ಯಾಲೆಂಡರಿನ ಮೇಲೆ ಹದಿನಾಲ್ಕು ದಿನ

ಪುಟ್ಟಿಯ ನಿದ್ದೆಯ ಪರೀಕ್ಷೆಯಲ್ಲಿ ಉಸಿರು ಮತ್ತೆ ಮತ್ತೆ ನಿಲ್ಲುತ್ತಿರುವುದು ಗೊತ್ತಾಯಿತು. ಬೇಸಿಗೆ ರಜೆಯಲ್ಲಿ ಆಪರೇಷನ್ ಆಯಿತು. ಐದು ದಿನ ಕಳೆದ ಮೇಲೆ ಡಾಕ್ಟರು ಒಂದು ಪುಟ್ಟ ಕೀಲಿಯನ್ನು ತಾಯಿಯ ಕೈಗಿಟ್ಟು, ಎರಡು ದಿನ ತಮ್ಮ ಎದುರಿಗೇ ತಿರುಗಿಸುವುದನ್ನು ಕಲಿಸಿ, ಆಮೇಲೆ ಮನೆಗೆ ಕಳಿಸಿದರು.

ಮನೆಯಲ್ಲಿ ಮೊದಲ ಬೆಳಗ್ಗೆ ನಾನೂ ಇದ್ದೆ. ಪುಟ್ಟಿ ಚಾಪೆಯ ಮೇಲೆ ಅಮ್ಮನ ತೊಡೆಗೆ ತಲೆಯಿಟ್ಟು ಮಲಗಿದ್ದಳು. ಕಿವಿಯ ಕೆಳಗೆ ಕಡ್ಡಿಯ ತುದಿ. ತಾಯಿಯ ಕೈ ನಡುಗುತ್ತಿತ್ತು. "ಅಕ್ಕಾ, ನನ್ನ ಕೈಯಾರೆ ನನ್ನ ಮಗೂನ ಮೂಳೆ ಎಳೆಯೋದಾ? ನನ್ನ ಕೈಲಾಗಲ್ಲ" ಅಂದಳು. ಹುಡುಗಿಯೇ, "ಅಮ್ಮಾ, ಆಸ್ಪತ್ರೇಲಿ ತಿರುಗಿಸಿದ್ಯಲ್ಲಾ, ಆಗ ನೋಯ್ಲಿಲ್ಲ" ಅಂದಳು. ತಿರುಗಿಸಿದಳು. ಬಿಗಿದ ಹಾಗಾಗುತ್ತದೆ ಅಂತ ಪುಟ್ಟಿ ಮುಖ ಕಿವುಚಿದಳು, ಅಷ್ಟೇ. ಗೋಡೆಯ ಕ್ಯಾಲೆಂಡರಿನಲ್ಲಿ ತಾರೀಖಿನ ಕೆಳಗೆ ಒಂದು ಗೀಟು ಹಾಕಿದೆವು. ಸಂಜೆ ಇನ್ನೊಂದು.

ಮೂರನೆಯ ಸಂಜೆ ಒಂದು ಮಾತು ನಡೆಯಿತು. ಅಲ್ಲಿಯವರೆಗೆ ಬಾಗಿಲಾಚೆಯೇ ನಿಲ್ಲುತ್ತಿದ್ದ ಗಂಡ ಪೀಣ್ಯದಿಂದ ಬಂದವನೇ ಕೈಕಾಲು ತೊಳೆದು, ಸೋಪು ಹಚ್ಚಿ ಇನ್ನೊಮ್ಮೆ ಕೈ ತೊಳೆದು, "ಸಂಜೇದು ನಾನು ಮಾಡ್ತೀನಿ, ನನಗೆ ಮಿಷನ್ನು ಗೊತ್ತು" ಎಂದು ಕೂತ. ಅಲ್ಲಿಂದ ಬೆಳಗಿನದು ಅಮ್ಮನದು, ಸಂಜೆಯದು ಅಪ್ಪನದು. ಹದಿನಾಲ್ಕು ದಿನ, ಇಪ್ಪತ್ತೆಂಟು ಗೀಟು. ಆಮೇಲೆ ತಿರುಗಿಸುವುದು ನಿಲ್ಲಿಸಿ, ಹೊಸ ಮೂಳೆ ಗಟ್ಟಿಯಾಗಲಿ ಎಂದು ಮೂರು ತಿಂಗಳು ಉಪಕರಣವನ್ನು ಹಾಗೇ ಬಿಟ್ಟು, ಎಕ್ಸ್‌ರೇ ನೋಡಿ ತೆಗೆದರು.

ಆ ದಿನಗಳಲ್ಲಿ ನಾವು ಕಲಿತದ್ದು ಇಷ್ಟು:

1. ತಿರುಗಿಸುವ ದಿಕ್ಕಿನ ಬಾಣದ ಗುರುತನ್ನು ಡಾಕ್ಟರ ಹತ್ತಿರ ಕಾಗದದ ಮೇಲೆ ಬರೆಸಿಕೊಳ್ಳಿ. ಸೈಬೀರಿಯದಲ್ಲಿ ತಪ್ಪು ದಿಕ್ಕು ಒಳ್ಳೆಯದು ಮಾಡಿರಬಹುದು, ನಮ್ಮ ಮನೆಯಲ್ಲಿ ಬೇಡ.

2. ಪ್ರತಿ ಸಲವೂ ಕೂಡಲೇ ಗೀಟು ಹಾಕಿ. ಒಂದು ಸಲ ಮರೆತರೆ ಮಾರನೆಯ ದಿನ ನೀವೇ ಎರಡು ಪಾಲು ತಿರುಗಿಸಬೇಡಿ. ಡಾಕ್ಟರಿಗೆ ಫೋನ್ ಮಾಡಿ ಕೇಳಿ.

3. ಕಡ್ಡಿಯ ಸುತ್ತ ದಿನವೂ ಅವರು ಹೇಳಿದ ಹಾಗೆ ಶುಚಿ ಮಾಡಿ. ಅರಿಶಿನ, ಸೊಪ್ಪಿನ ರಸ ಏನನ್ನೂ ಹಚ್ಚಬೇಡಿ. ಕೆಂಪಾಗಿ ಕೀವು ಬಂದರೆ, ಜ್ವರ ಬಂದರೆ, ತಿರುಗಿಸಲು ಬಿಗಿಯಾದರೆ ಕಾಯಬೇಡಿ, ಹೊರಟುಬಿಡಿ.

4. ಅಗಿಯುವ ತಿಂಡಿ ಬೇಡ. ತುಟಿ ಜೋಮು ಇದ್ದರೆ ಬಿಸಿ ಗೊತ್ತಾಗದೆ ಸುಟ್ಟುಕೊಳ್ಳುತ್ತಾರೆ. ಉಗುರು ಬೆಚ್ಚಗೆ ಮಾಡಿಯೇ ಕೊಡಿ.

5. ಊಟವಾದ ಮೇಲೆ ಪ್ರತಿ ಸಲ ಬೆಚ್ಚನೆಯ ಉಪ್ಪು ನೀರಿನಲ್ಲಿ ಬಾಯಿ ಮುಕ್ಕಳಿಸಲಿ.

6. ಒಂದು ಕಿವಿ ಕೇಳದ ಮಗುವನ್ನು ತರಗತಿಯಲ್ಲಿ ಮುಂದಿನ ಸಾಲಿನಲ್ಲಿ, ಒಳ್ಳೆಯ ಕಿವಿ ಮೇಷ್ಟ್ರ ಕಡೆಗಿರುವ ಹಾಗೆ ಕೂರಿಸಲು ಕೇಳಿಕೊಳ್ಳಿ. ದುಡ್ಡಿಲ್ಲದ ಔಷಧಿ ಇದು.

ಗದ್ದ ಕುಟ್ಟಿಕೊಂಡ ಮಗು

ಹುಟ್ಟಿನಿಂದಲ್ಲದೆ ಬಿದ್ದೂ ಮುಖ ಓರೆಯಾಗುತ್ತದೆ. ನನ್ನ ತವರಿನ ಕಡೆಯ ಹುಡುಗನೊಬ್ಬ ನಾಲ್ಕನೆಯ ವಯಸ್ಸಿನಲ್ಲಿ ಜಗುಲಿಯಿಂದ ಬಿದ್ದು ಗದ್ದ ಸೀಳಿಕೊಂಡಿದ್ದ. ಹೊಲಿಗೆ ಹಾಕಿ ಕಳಿಸಿದರು, ಗಾಯ ವಾಸಿಯಾಯಿತು. ಕಿವಿಯ ಮುಂದಿನ ಕೀಲನ್ನು ಯಾರೂ ನೋಡಲಿಲ್ಲ. ವರ್ಷ ಕಳೆದ ಹಾಗೆ ಬಾಯಿ ತೆರೆಯುವುದು ಕಡಿಮೆಯಾಗುತ್ತಾ ಬಂತು. ಎಂಟನೆಯ ವಯಸ್ಸಿಗೆ ಚಮಚ ಹೋಗುತ್ತಿರಲಿಲ್ಲ, ಗದ್ದ ಒಂದು ಕಡೆಗೆ ಹೋಗಿತ್ತು. ಗದ್ದಕ್ಕೆ ಬಿದ್ದ ಏಟು ಕೀಲಿಗೆ ತಲಪಿ ಅಲ್ಲಿ ಮೂಳೆ ಮುರಿಯುತ್ತದೆ. ಆಡಿಸದೆ ಬಿಟ್ಟರೆ ಮೂಳೆಗೆ ಮೂಳೆ ಅಂಟಿಕೊಂಡು ದವಡೆಯ ಬೆಳವಣಿಗೆ ನಿಂತುಹೋಗುತ್ತದೆ. ಕಿವಿ ಸೋರಿ ಸೋಂಕು ಕೀಲಿಗೆ ಇಳಿದರೂ ಹೀಗಾಗಬಹುದು. ಇಂಥ ಮಕ್ಕಳಿಗೆ ಅಂಟಿದ ಕೀಲನ್ನು ಬಿಡಿಸಬೇಕು. ಗಿಡ್ಡ ದವಡೆಯನ್ನು ಉದ್ದ ಮಾಡುವುದು ಅದರ ಮೊದಲೋ ಆಮೇಲೋ ಎಂದು ಡಾಕ್ಟರು ಉಸಿರನ್ನು ನೋಡಿ ನಿರ್ಧರಿಸುತ್ತಾರೆ.

ಆದ್ದರಿಂದ ಮಗು ಗದ್ದ ಕುಟ್ಟಿಕೊಂಡರೆ ಹೊಲಿಗೆ ಹಾಕಿಸಿ ಬಂದು ಮರೆತುಬಿಡಬೇಡಿ. ಕಿವಿಯ ಮುಂದೆ ನೋವು, ಹಲ್ಲು ಸರಿಯಾಗಿ ಕೂಡದಿರುವುದು, ಬಾಯಿ ತೆರೆದಾಗ ಗದ್ದ ಒಂದು ಕಡೆಗೆ ಎಳೆಯುವುದು, ಇವುಗಳಲ್ಲಿ ಒಂದಿದ್ದರೂ ದವಡೆಯ ಎಕ್ಸ್‌ರೇ ತೆಗೆಸಿ. ಬೇಗ ಗೊತ್ತಾದರೆ ಹೆಚ್ಚಿನ ಮಕ್ಕಳಿಗೆ ಡಾಕ್ಟರು ಹೇಳಿಕೊಡುವ ಬಾಯಿಯ ವ್ಯಾಯಾಮವೇ ಸಾಕು.

ಮನೆಯಲ್ಲೇ ನೋಡಬಹುದಾದ ಸುಲಭದ ಗುರುತು ಎರಡಿವೆ. ಮಗುವಿನ ಮೂರು ಬೆರಳು ಒಂದರ ಮೇಲೊಂದು ನಿಲ್ಲಿಸಿದರೆ ಅದರದೇ ಹಲ್ಲುಗಳ ನಡುವೆ ಹಿಡಿಸಬೇಕು. ಐಸ್‌ಕ್ರೀಮ್ ಕಡ್ಡಿಯನ್ನು ಅಡ್ಡಲಾಗಿ ಕಚ್ಚಿಸಿದರೆ ಎರಡು ಕಣ್ಣಿನ ಸಾಲಿಗೆ ಸಮನಾಗಿ ನಿಲ್ಲಬೇಕು. ಹುಟ್ಟುಹಬ್ಬದ ಫೋಟೋಗಳನ್ನು ವರ್ಷದ ಕ್ರಮದಲ್ಲಿ ಜೋಡಿಸಿ ನೋಡಿದರೆ ಓರೆ ಹೆಚ್ಚುತ್ತಿದೆಯೇ ಎಂಬುದೂ ತಿಳಿಯುತ್ತದೆ. ಎಲ್ಲ ಓರೆಯೂ ದವಡೆಯದಲ್ಲ. ಹಸುಗೂಸಿನ ಕತ್ತು ಒಂದು ಕಡೆ ಬಿಗಿದಿದ್ದರೂ ಮುಖ ವಾಲುತ್ತದೆ. ಅದಕ್ಕೆ ವ್ಯಾಯಾಮ ಸಾಕಾಗುವುದುಂಟು.

ಎಲ್ಲಿಗೆ ಹೋಗಬೇಕು?

ಎಲ್ಲ ದಂತ ಕಾಲೇಜುಗಳಲ್ಲೂ ಬಾಯಿ ಮತ್ತು ದವಡೆಯ ಶಸ್ತ್ರಚಿಕಿತ್ಸೆಯ ವಿಭಾಗ ಇರುತ್ತದೆ. ಮೊದಲು ಅಲ್ಲಿಗೆ ಹೋಗಿ. ಬೆಂಗಳೂರಿನಲ್ಲಿ 1958ರಲ್ಲಿ ಆರಂಭವಾದ ಸರ್ಕಾರಿ ದಂತ ಕಾಲೇಜು ವಿಕ್ಟೋರಿಯಾ ಆಸ್ಪತ್ರೆಯ ಹತ್ತಿರ ಇದೆ. ನಮ್ಮ ಕಡೆಯವರಿಗೆ ರಾಮಯ್ಯ ದಂತ ಕಾಲೇಜು, ಯಲಹಂಕದ ಆಚೆ ಹುಣಸಮಾರನಹಳ್ಳಿಯ ಕೃಷ್ಣದೇವರಾಯ ದಂತ ಕಾಲೇಜು ಹತ್ತಿರ. ಧಾರವಾಡದ ಎಸ್.ಡಿ.ಎಂ. ದಂತ ಕಾಲೇಜಿನಲ್ಲೂ, ಮಂಗಳೂರಿನ ಬಳಿ ದೇರಳಕಟ್ಟೆಯ ನಿಟ್ಟೆ ಸಂಸ್ಥೆಯಲ್ಲೂ ತಲೆಬುರುಡೆ ಮತ್ತು ಮುಖದ ದೋಷಗಳಿಗಾಗಿಯೇ ಪ್ರತ್ಯೇಕ ವಿಭಾಗಗಳಿವೆ. ಅಂಗನವಾಡಿಗೂ ಸರ್ಕಾರಿ ಶಾಲೆಗೂ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಕ್ಕೂ ಮಗುವನ್ನು ತೋರಿಸಿ. ಹುಟ್ಟಿನ ದೋಷಗಳನ್ನು ಗುರುತಿಸಿ ಮುಂದಕ್ಕೆ ಕಳಿಸಲೆಂದೇ 2013ರಲ್ಲಿ ಅದು ಆರಂಭವಾಯಿತು.

ದುಡ್ಡಿನ ಮಾತನ್ನು ಸಂಕೋಚವಿಲ್ಲದೆ ಕೇಳಿ. ಎರಡು ಆಪರೇಷನ್ನಿಗೂ ಸೇರಿ ಎಷ್ಟು? ಉಪಕರಣದ ಬೆಲೆ ಅದರಲ್ಲೇ ಸೇರಿದೆಯೇ? ಆಮೇಲೆ ಹಲ್ಲಿಗೆ ಕ್ಲಿಪ್ಪು ಬೇಕಾಗುತ್ತದೆಯೇ? ದೊಡ್ಡವರಾದ ಮೇಲೆ ಮತ್ತೆ ಬೇಕಾಗಬಹುದೇ? ಬಿ.ಪಿ.ಎಲ್. ಕಾರ್ಡು ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಈ ಚಿಕಿತ್ಸೆಗೆ ಎಷ್ಟು ಸಿಗುತ್ತದೆ ಎಂದು ಆಸ್ಪತ್ರೆಯಲ್ಲಿರುವ ಆರೋಗ್ಯಮಿತ್ರರನ್ನು ದಾಖಲಾಗುವ ಮೊದಲೇ ವಿಚಾರಿಸಿ.

ಪುಟ್ಟಿಯ ಗಂಜಿ

ಆ ಹದಿನಾಲ್ಕು ದಿನ ಹುಡುಗಿಯನ್ನು ಸಾಕಿದ್ದು ಊರಿನಿಂದ ಬಂದ ಅವಳ ಅಜ್ಜಿ ಮಾಡಿದ ಈ ಗಂಜಿ. ಹಲ್ಲು ಕೀಳಿಸಿದವರಿಗೆ, ಜ್ವರದಿಂದ ಎದ್ದವರಿಗೂ ಒಳ್ಳೆಯದು.

ಬೇಕಾಗುವ ಸಾಮಾನು: ರಾಗಿಹಿಟ್ಟು 2 ಚಮಚ, ಹೆಸರುಬೇಳೆ 2 ಚಮಚ, ಕ್ಯಾರೆಟ್ 1, ತುಪ್ಪ 1 ಚಮಚ, ಜೀರಿಗೆ ಪುಡಿ ಚಿಟಿಕೆ, ಕಾಯಿಸಿದ ಹಾಲು ಅರ್ಧ ಲೋಟ, ರುಚಿಗೆ ಉಪ್ಪು.

ಮಾಡುವ ವಿಧಾನ: ಹೆಸರುಬೇಳೆಯನ್ನು ಘಮ್ಮೆನ್ನುವವರೆಗೆ ಹುರಿದು, ಹೆಚ್ಚಿದ ಕ್ಯಾರೆಟ್ ಜೊತೆ ಮೆತ್ತಗೆ ಬೇಯಿಸಿ ನುಣ್ಣಗೆ ರುಬ್ಬಿ. ರಾಗಿಹಿಟ್ಟನ್ನು ಒಂದು ಲೋಟ ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ ಸಣ್ಣ ಉರಿಯಲ್ಲಿ ಕೈಯಾಡಿಸುತ್ತಾ ಕಾಯಿಸಿ. ಬಣ್ಣ ತಿರುಗಿ ಹೊಳಪು ಬಂದಾಗ ರುಬ್ಬಿದ್ದನ್ನು ಸೇರಿಸಿ ಒಂದು ಕುದಿ ಬರಿಸಿ. ಕೆಳಗಿಳಿಸಿ ಹಾಲು, ಉಪ್ಪು, ಜೀರಿಗೆ ಪುಡಿ, ತುಪ್ಪ ಬೆರೆಸಿ. ಜರಡಿಯಲ್ಲಿ ಸೋಸಿ, ಉಗುರು ಬೆಚ್ಚಗೆ ಕೊಡಿ. ಖಾರ ಬೇಡ.

ಕೊನೆಯದಾಗಿ ಪುಟ್ಟಿಯ ಸಮಾಚಾರ. ಮುಖ ಪೂರ್ತಿ ಸರಿಹೋಯಿತೇ ಅಂದರೆ ಇಲ್ಲ. ಗದ್ದ ನಡುವಿಗೆ ಬಂದಿದೆ, ಆದರೆ ಕಿವಿ ಹಾಗೇ ಇದೆ, ನಕ್ಕರೆ ತುಟಿ ಸ್ವಲ್ಪ ಓರೆಯೇ. ಹಲ್ಲಿಗೆ ಪ್ಲೇಟು ಹಾಕಿದ್ದಾರೆ, ಆರು ತಿಂಗಳಿಗೊಮ್ಮೆ ಹೋಗಬೇಕು. ಆದರೆ ಗೊರಕೆ ನಿಂತಿದೆ. ಮಗಳ ಸದ್ದು ಕೇಳಿಸದೆ ಮೊದಲ ವಾರ ತಾಯಿ ರಾತ್ರಿಯೆಲ್ಲ ಎದ್ದೆದ್ದು ಮೂಗಿನ ಹತ್ತಿರ ಬೆರಳಿಟ್ಟು ನೋಡುತ್ತಿದ್ದಳಂತೆ!

ಹಿಂದೆಲ್ಲ ಶಾಲೆಯ ಗ್ರೂಪ್ ಫೋಟೋ ದಿನ ಈ ಮಗುವನ್ನು ಮನೆಯಲ್ಲೇ ಇರಿಸಿಕೊಳ್ಳುತ್ತಿದ್ದಳು. ಈ ಸಲದ ಫೋಟೋ ತಂದು ತೋರಿಸಿದಳು. ಪುಟ್ಟಿ ಮೊದಲ ಸಾಲಿನಲ್ಲಿ, ನೇರವಾಗಿ ಮುಂದೆ ನೋಡುತ್ತಾ ಕೂತಿದ್ದಾಳೆ. ನಮ್ಮ ಅತ್ತೆಯವರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿ, "ಲಕ್ಷಣವಾಗಿದ್ದಾಳೆ ಮಗು" ಅಂದರು.

ಪತ್ರ ಬರೆದ ಸೋದರಿಗೆ ನನ್ನ ಮಾತು ಇಷ್ಟೇ. ಇಂದು ರಾತ್ರಿ ಮಗನ ಉಸಿರಾಟವನ್ನು ಒಂದು ಗಂಟೆ ಕೂತು ಗಮನಿಸಿ, ಬರೆದಿಟ್ಟುಕೊಳ್ಳಿ. ಆ ಚೀಟಿ ಹಿಡಿದು ಡಾಕ್ಟರ ಹತ್ತಿರ ಹೋಗಿ. ಆಪರೇಷನ್ ಈಗಲೇ ಬೇಕೋ, ಕಾಯಬಹುದೋ ಅವರು ಹೇಳುತ್ತಾರೆ. ಮನೆಯಲ್ಲಿ ಕೇಳುವವರಿಲ್ಲದಿದ್ದರೆ ಎದುರು ಮನೆಯ ಬಾಗಿಲು ತಟ್ಟಿ. ಜೊತೆಗೆ ಬರುವ ಒಬ್ಬ ಅಕ್ಕ ಅಲ್ಲಿ ಇದ್ದೇ ಇರುತ್ತಾಳೆ.